ಊರು ನೋಡುವುದೂ ಊರಿನಲ್ಲಿ ಕಾಯುವುದೂ

ನಮ್ಮ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವ ಪದ್ಧತಿಯುಂಟು. ನಾನು ಭೌತವಿಜ್ಞಾನದ ಅಧ್ಯಾಪಕನಾಗಿ ಸೇರಿದಂದಿನಿಂದಲೂ ಈ ಪ್ರವಾಸದ ಕಾರ್ಯಕ್ರಮವನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೇ ಬಂದಿದೆ. ಹಾಗೆ ಸಿದ್ಧಪಡಿಸಿದ, ೨೦೨೨ರ ಡಿಸೆಂಬರ್ ತಿಂಗಳ ಕಾರ್ಯಕ್ರಮ ಪತ್ರವೊಂದು ಈಗ ನನ್ನ ಮೇಜಿನ ಮೇಲಿದೆ. ೯ ದಿನ, ೨೩ ಸ್ಥಳ. ಪ್ರತಿಯೊಂದು ಸ್ಥಳದ ಮುಂದೆಯೂ ತಲಪುವ ವೇಳೆ, ಹೊರಡುವ ವೇಳೆ ಎಂಬ ಎರಡು ಅಂಕಣಗಳು. ಆಗ್ರಾ ಕೋಟೆಗೆ ಒಂದೂಕಾಲು ಗಂಟೆ; ಫತೇಪುರ ಸಿಕ್ರಿಗೆ ಒಂದು ಗಂಟೆ; ಜಯಪುರದ ಜಂತರ್ ಮಂತರ್‌ಗೆ ೪೦ ನಿಮಿಷ. ಇದನ್ನು ಬರೆದು ಮುಗಿಸಿದಾಗ ನನಗೆ ಹೆಮ್ಮೆಯೇ ಆಗಿದ್ದಿತು. ಇಷ್ಟು ಅಲ್ಪ ಹಣದಲ್ಲಿ ಇಷ್ಟೊಂದು ಸ್ಥಳಗಳನ್ನು ತೋರಿಸುವ ಅಧ್ಯಾಪಕ ಸುತ್ತಮುತ್ತಲ ಕಾಲೇಜುಗಳಲ್ಲಿ ಮತ್ತೊಬ್ಬನಿಲ್ಲವೆಂದು ನನ್ನ ಭಾವನೆ.

ಆ ಪತ್ರದಲ್ಲಿ ಒಂದು ದೊಡ್ಡ ತಪ್ಪಿದೆಯೆಂದು ಇಂದು ನನಗೆ ತೋರುತ್ತದೆ. ಅದು ನನ್ನೊಬ್ಬನ ತಪ್ಪಾಗಿದ್ದರೆ ನಾನೇ ತಿದ್ದಿಕೊಂಡು ಸುಮ್ಮನಿರಬಹುದಾಗಿತ್ತು. ಆದರೆ ಸ್ವದೇಶದಲ್ಲಾಗಲಿ ವಿದೇಶದಲ್ಲಾಗಲಿ ನಮ್ಮವರು ಇಂದು ಕೈಗೊಳ್ಳುವ ಪ್ರವಾಸಗಳ ಬಹುಪಾಲು ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಜಯಪುರದಲ್ಲಿ ನಡೆದುದನ್ನು ಮೊದಲು ಹೇಳುತ್ತೇನೆ. ಅಲ್ಲಿನ ಜಂತರ್ ಮಂತರ್ ಎರಡನೆಯ ಸವಾಯಿ ಜಯಸಿಂಹನು ೧೮ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಲು ಗಾರೆಗಳಿಂದ ಕಟ್ಟಿಸಿದ ಖಗೋಳ ವೀಕ್ಷಣಾಲಯ. ೨೦೧೦ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿನ ಯಂತ್ರಗಳಲ್ಲೆಲ್ಲ ಹಿರಿದು ಬೃಹತ್ ಸಮ್ರಾಟ್ ಯಂತ್ರ. ಎಂದರೆ ೭೦ ಅಡಿಗೂ ಮಿಕ್ಕ ಎತ್ತರದ ನೆರಳುಗಡಿಯಾರ. ಅದರ ನಡುವೆ ಇಳಿಜಾರಾದ ಒಂದು ಗೋಡೆ. ಆ ಗೋಡೆಯ ಇಳಿಜಾರಂಚು ಭೂಮಿಯ ಅಕ್ಷಕ್ಕೆ ಸಮಾಂತರ. ಇಕ್ಕೆಲಗಳಲ್ಲಿ ರೆಕ್ಕೆಗಳಂತೆ ಬಾಗಿ ಮೇಲೇಳುವ, ಸುಮಾರು ೧೫ ಮೀಟರ್ ತ್ರಿಜ್ಯದ ಎರಡು ಅಮೃತಶಿಲೆಯ ಕಮಾನುಗಳು. ಗೋಡೆಯ ನೆರಳು ಬೆಳಿಗ್ಗೆ ಪಶ್ಚಿಮದ ಕಮಾನಿನ ಮೇಲೂ ಮಧ್ಯಾಹ್ನದ ತರುವಾಯ ಪೂರ್ವದ ಕಮಾನಿನ ಮೇಲೂ ಬೀಳುತ್ತದೆ. ಕಮಾನಿನ ಮೇಲೆ ಕೊರೆದ ಗೆರೆಗಳು ಹೊತ್ತನ್ನು ತಿಳಿಸುತ್ತವೆ.

ನಾವು ಹೋದಾಗ ಬೆಳಿಗ್ಗೆ ಹತ್ತು ಗಂಟೆ. ನಾನು ಈ ವಿವರಗಳನ್ನೆಲ್ಲ ಐದು ನಿಮಿಷಗಳಲ್ಲಿ ಹೇಳಿ ಮುಗಿಸಿದೆ. ವಿದ್ಯಾರ್ಥಿಗಳು ಹತ್ತು ನಿಮಿಷಗಳಲ್ಲಿ ಛಾಯಾಚಿತ್ರಗಳನ್ನು ತೆಗೆದು ಮುಗಿಸಿದರು. ಮುಂದಿನ ಯಂತ್ರಕ್ಕೆ ಹೊರಡಲು ನಾನು ಸಿಳ್ಳು ಊದಬೇಕೆನ್ನುವಷ್ಟರಲ್ಲಿ, ಬಹಳ ಹೊತ್ತಿನಿಂದ ನಮ್ಮನ್ನು ನೋಡುತ್ತ ನಿಂತಿದ್ದ ವೃದ್ಧ ಮಾರ್ಗದರ್ಶಿಯೊಬ್ಬರು ಹತ್ತಿರ ಬಂದರು. ಅವರ ಕೈಯಲ್ಲಿ ಒಂದು ಪೊರಕೆಕಡ್ಡಿ. ಅದನ್ನು ಕಮಾನಿನ ಮೇಲಕ್ಕೆ ಒಂದೆರಡು ಬೆರಳಷ್ಟು ಎತ್ತರದಲ್ಲಿ ಅಡ್ಡಲಾಗಿ ಹಿಡಿದು, ಗೋಡೆಯ ನೆರಳಿನ ಅಂಚಿನತ್ತ ಮೆಲ್ಲಮೆಲ್ಲನೆ ಸರಿಸಿದರು. ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದ ಕಡ್ಡಿಯ ನೆರಳು ಒಂದು ನಿಯತವಾದ ಸ್ಥಳದಲ್ಲಿ ಮಾಸಿಹೋಯಿತು. ಆ ಗೆರೆಯನ್ನು ನೋಡಿಕೊಳ್ಳಿ, ಇನ್ನು ಅರುವತ್ತರವರೆಗೆ ಎಣಿಸಿ ಎಂದರು. ನಾವು ಎಣಿಸಿದೆವು. ಮತ್ತೆ ಕಡ್ಡಿಯನ್ನು ಹಿಡಿದಾಗ ಅದರ ನೆರಳು ಮಾಸುವ ಸ್ಥಳ ನಾಲ್ಕು ಬೆರಳಗಲ ಮುಂದೆ ಸರಿದಿತ್ತು!

ಅಲ್ಲಿಯವರೆಗೆ ಗುಂಪಿನಲ್ಲಿದ್ದ ಗದ್ದಲ ನಿಂತುಹೋಯಿತು. ಒಬ್ಬ ವಿದ್ಯಾರ್ಥಿನಿ, ‘ಸಾರ್, ಸರಿಯುತ್ತಿರುವುದು ನೆರಳಲ್ಲ, ನಾವು’ ಎಂದಳು. ಭೂಮಿ ತನ್ನ ಅಕ್ಷದ ಸುತ್ತ ತಿರುಗುತ್ತದೆಂಬುದನ್ನು ಆಕೆ ನಾಲ್ಕನೆಯ ತರಗತಿಯಿಂದಲೂ ಓದಿ ಬಲ್ಲಳು. ಆದರೆ ಅದನ್ನು ಕಂಡುದು ಅಂದೇ ಮೊದಲು.

ಆ ಕಡ್ಡಿಯ ಉಪಯೋಗವೇನೆಂದು ವಾಚಕರು ಕೇಳಬಹುದು. ಸೂರ್ಯ ನಮಗೆ ಒಂದು ಬಿಂದುವಾಗಿ ಕಾಣುವುದಿಲ್ಲ. ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾದ ಬಿಂಬವಾಗಿ ಕಾಣುತ್ತದೆ. ಆದುದರಿಂದ ೧೫ ಮೀಟರ್ ದೂರದ ಗೋಡೆ ಬೀರುವ ನೆರಳಿನ ಅಂಚು ಗೆರೆ ಎಳೆದಂತಿರದೆ, ಸುಮಾರು ೧೪ ಸೆಂಟಿಮೀಟರ್ ಅಗಲದವರೆಗೆ ಮಸುಕಾಗಿರುತ್ತದೆ. ಅದೇ ಅಂಚು ಕಮಾನಿನ ಮೇಲೆ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್ ವೇಗದಿಂದ ಸರಿಯುತ್ತದೆ. ಮಸುಕಿನಲ್ಲಿ ಇಷ್ಟು ಸೂಕ್ಷ್ಮವಾದ ಚಲನೆಯನ್ನು ಗುರುತಿಸುವುದು ಬರಿಗಣ್ಣಿಗೆ ಕಷ್ಟ. ಕಡ್ಡಿ ಕಮಾನಿಗೆ ತೀರ ಸಮೀಪದಲ್ಲಿರುವುದರಿಂದ ಅದರ ನೆರಳು ಸ್ಫುಟವಾಗಿರುತ್ತದೆ. ಅದು ಅಳಿಸಿಹೋಗುವ ಸ್ಥಳವೇ ನಮಗೆ ಬೇಕಾದ ಅಂಚು. ನಾನು ಸ್ನಾತಕೋತ್ತರ ತರಗತಿಯಲ್ಲಿ ದೃಗ್ವಿಜ್ಞಾನವನ್ನು ಓದಿದವನಾದರೂ ಈ ಉಪಾಯ ನನಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮತ್ತೊಬ್ಬ ವಿದ್ಯಾರ್ಥಿ ತನ್ನ ಕೈಗಡಿಯಾರವನ್ನು ನೋಡಿ, ಯಂತ್ರ ಸುಮಾರು ಅರ್ಧ ಗಂಟೆ ಹಿಂದಿದೆಯೆಂದು ಆಕ್ಷೇಪಿಸಿದ. ಯಂತ್ರದಲ್ಲಿ ದೋಷವಿರಲಿಲ್ಲ. ನಮ್ಮ ದೇಶದ ಗಡಿಯಾರಗಳೆಲ್ಲ ೮೨.೫ ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ಜಯಪುರವಿರುವುದು ಸುಮಾರು ೭೫.೮ ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ೪ ನಿಮಿಷ ಬೇಕು. ಆದುದರಿಂದ ಜಯಪುರದ ಸೂರ್ಯ ನಮ್ಮ ಗಡಿಯಾರಕ್ಕಿಂತ ೨೭ ನಿಮಿಷ ತಡ. ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಇದಕ್ಕೆ ಇನ್ನೂ ಕೆಲವು ನಿಮಿಷಗಳನ್ನು ಕೂಡಬೇಕು ಇಲ್ಲವೆ ಕಳೆಯಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಈ ತಿದ್ದುಪಾಟು ಅತ್ಯಲ್ಪ. ಹಾಗಾದರೆ ಬೆಂಗಳೂರಿನ ಸೂರ್ಯ ಎಷ್ಟು ತಡವೆಂದು ಪ್ರಶ್ನೆ ಬಂತು. ನೆಲದ ಮೇಲೆಯೇ ಲೆಕ್ಕಹಾಕಿದೆವು: ಸುಮಾರು ೨೦ ನಿಮಿಷ. ಹೀಗೆ ಒಂದು ಪ್ರಶ್ನೆಯಿಂದ ಮತ್ತೊಂದು ಪ್ರಶ್ನೆ ಹುಟ್ಟುತ್ತ, ನನ್ನ ೪೦ ನಿಮಿಷಗಳು ಎರಡು ಗಂಟೆಗಳಾದವು. ಅಂದಿನ ಉಳಿದ ಎರಡು ಸ್ಥಳಗಳು ಕೈತಪ್ಪಿದವು. ಬಸ್ಸಿನ ಚಾಲಕ ಕೋಪಗೊಂಡ. ನಾನೂ ಒಳಗೊಳಗೇ ಬೇಸರಗೊಂಡೆ.

ಊರಿಗೆ ಮರಳಿದ ಮೇಲೆ ವಿದ್ಯಾರ್ಥಿಗಳಿಂದ ಪ್ರವಾಸದ ವರದಿಯನ್ನು ಬರೆಸಿದೆ. ೨೧ ಸ್ಥಳಗಳನ್ನು ನೋಡಿ ಬಂದವರಲ್ಲಿ ಬಹುಮಂದಿ ಪುಟಗಟ್ಟಲೆ ಬರೆದುದು ಪೊರಕೆಕಡ್ಡಿಯ ವಿಷಯವನ್ನು. ಉಳಿದ ಸ್ಥಳಗಳ ಬಗೆಗೆ ಫಲಕಗಳ ಮೇಲಿನ ಮಾತುಗಳೇ ಇದ್ದವು; ಕೆಲವರು ಒಂದು ಕೋಟೆಯ ವರ್ಣನೆಯನ್ನು ಮತ್ತೊಂದು ಕೋಟೆಗೆ ಹೊಂದಿಸಿದ್ದರು. ಆಗ ನನ್ನ ಕಾರ್ಯಕ್ರಮ ಪತ್ರದ ತಪ್ಪೇನೆಂಬುದು ನನಗೆ ತಿಳಿಯಿತು. ಅದರಲ್ಲಿ ಸ್ಥಳಗಳಿದ್ದವು, ಆದರೆ ಆ ಸ್ಥಳದಲ್ಲಿ ಏನು ನಡೆಯುತ್ತದೆ, ಎಷ್ಟು ಹೊತ್ತಿಗೆ ನಡೆಯುತ್ತದೆ, ಅದನ್ನು ನೋಡಲು ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಅಂಕಣವೇ ಇರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೆ. ಲೋಕದ ಅತ್ಯುತ್ತಮವಾದ ಪ್ರವಾಸಸ್ಥಳಗಳಲ್ಲಿ ಹಲವು, ವಸ್ತುವನ್ನು ನೋಡುವ ಸ್ಥಳಗಳಲ್ಲ. ಘಟನೆಯನ್ನು ನೋಡುವ ಸ್ಥಳಗಳು. ವಸ್ತುವನ್ನು ಒಂದು ನಿಮಿಷದಲ್ಲಿಯೂ ಕಾಣಬಹುದು. ಘಟನೆಗೆ ತನ್ನದೇ ಆದ ಕಾಲಪ್ರಮಾಣವುಂಟು. ನಮ್ಮ ಅವಸರಕ್ಕಾಗಿ ಅದು ಬೇಗ ನಡೆಯುವುದಿಲ್ಲ. ಅದರ ಹೊತ್ತಿಗೆ ನಾವು ಹೊಂದಿಕೊಳ್ಳದಿದ್ದರೆ, ಸಾವಿರಾರು ಮೈಲಿ ಹೋಗಿಯೂ ನಾವು ಅದನ್ನು ನೋಡಿದಂತಾಗುವುದಿಲ್ಲ.

ಇದಕ್ಕೆ ಪ್ಯಾರಿಸ್ ನಗರದಿಂದ ಒಂದು ನಿದರ್ಶನವನ್ನು ಕೊಡಬಹುದು. ಅಲ್ಲಿನ ಪಾಂಥಿಯಾನ್ ಎಂಬ ಭವನದಲ್ಲಿ ೧೮೫೧ರಲ್ಲಿ ಲಿಯಾನ್ ಫೂಕೊ ಎಂಬ ವಿಜ್ಞಾನಿ ೬೭ ಮೀಟರ್ ಉದ್ದದ ತಂತಿಗೆ ೨೮ ಕಿಲೋಗ್ರಾಮ್ ತೂಕದ ಗುಂಡನ್ನು ಕಟ್ಟಿ, ಗುಮ್ಮಟದಿಂದ ಇಳಿಬಿಟ್ಟು, ಲೋಲಕವಾಗಿ ತೂಗಾಡಿಸಿದನು. ಲೋಲಕ ತೂಗಾಡುವ ಸಮತಲ ಹೊತ್ತು ಕಳೆದಂತೆ ನೆಲದ ಗುರುತುಗಳಿಗೆ ಹೋಲಿಸಿದರೆ ಮೆಲ್ಲಮೆಲ್ಲನೆ ತಿರುಗುತ್ತ ಹೋಯಿತು. ಲೋಲಕವನ್ನು ಹಾಗೆ ತಿರುಗಿಸುವ ಬಲ ಯಾವುದೂ ಇಲ್ಲ. ತಿರುಗುತ್ತಿರುವುದು ಅದರ ಕೆಳಗಿನ ನೆಲ. ಭೂಮಿಯ ಭ್ರಮಣವನ್ನು, ಆಕಾಶದತ್ತ ಕಣ್ಣೆತ್ತದೆ, ಒಂದು ಕಟ್ಟಡದ ಒಳಗೆಯೇ ಜನಸಾಮಾನ್ಯರಿಗೆ ತೋರಿಸಿದ ಪ್ರಯೋಗವದು. ೧೯೯೫ರಿಂದ ಈಚೆಗೆ, ದುರಸ್ತಿಯ ಕಾಲವನ್ನು ಬಿಟ್ಟರೆ, ಅದರ ಪ್ರತಿಕೃತಿಯೊಂದು ಅಲ್ಲಿಯೇ ತೂಗಾಡುತ್ತಿದೆ.

ನನ್ನ ಮಿತ್ರರೊಬ್ಬರು ಯೂರೋಪಿನ ಪ್ರವಾಸದಲ್ಲಿ ಈ ಭವನಕ್ಕೂ ಹೋಗಿಬಂದರು. ನಾನು ಪ್ಯಾರಿಸ್ಸನ್ನು ಕಂಡವನಲ್ಲ. ಆದುದರಿಂದ ಲೋಲಕದ ವಿಷಯವನ್ನು ಬಹಳ ಆಸೆಯಿಂದ ಕೇಳಿದೆ. ‘ಒಂದು ಗುಂಡು ಅತ್ತಿಂದಿತ್ತ ತೂಗಾಡುತ್ತಿತ್ತು, ಅದರಲ್ಲಿ ಅಂಥದೇನೂ ಇಲ್ಲ’ ಎಂದರು. ಎಷ್ಟು ಹೊತ್ತು ನೋಡಿದಿರೆಂದು ಕೇಳಿದರೆ, ಹತ್ತು ನಿಮಿಷವೆಂದು ಉತ್ತರ ಬಂತು. ಅವರು ಹೇಳಿದುದು ಅಕ್ಷರಶಃ ಸತ್ಯ. ಪ್ಯಾರಿಸ್ಸಿನ ಅಕ್ಷಾಂಶದಲ್ಲಿ ಲೋಲಕದ ಸಮತಲ ಗಂಟೆಗೆ ಸುಮಾರು ೧೧ ಡಿಗ್ರಿ ತಿರುಗುತ್ತದೆ. ಒಂದು ಸುತ್ತು ಬರಲು ಸುಮಾರು ೩೨ ಗಂಟೆ ಬೇಕು. ಹತ್ತು ನಿಮಿಷಗಳಲ್ಲಿ ಅದು ತಿರುಗುವುದು ಎರಡು ಡಿಗ್ರಿಗಿಂತಲೂ ಕಡಿಮೆ. ಭೂಮಿ ತಿರುಗುವುದನ್ನು ನೋಡಲು ಹೋದ ನನ್ನ ಮಿತ್ರರು ಗುಂಡು ತೂಗಾಡುವುದನ್ನು ನೋಡಿ ಬಂದರು. ಒಂದು ಗಂಟೆಯ ಹೊತ್ತು ಅಲ್ಲಿಯೇ ಕುಳಿತಿದ್ದರೆ, ಅಥವಾ ಬೆಳಿಗ್ಗೆ ಒಮ್ಮೆ ನೋಡಿ, ಹತ್ತಿರದಲ್ಲೆಲ್ಲಾದರೂ ಊಟ ಮುಗಿಸಿ ಮಧ್ಯಾಹ್ನ ಮತ್ತೆ ಹೋಗಿದ್ದರೆ, ಅವರ ಮಾತು ಬೇರೆಯಾಗುತ್ತಿತ್ತು.

ಇದೇ ಲೋಲಕವನ್ನು ಬೆಂಗಳೂರಿನಲ್ಲಿ ತೂಗಹಾಕಿದರೆ ಅದು ಒಂದು ಸುತ್ತು ಬರಲು ನಾಲ್ಕು ದಿನಗಳಿಗೂ ಹೆಚ್ಚು ಹಿಡಿಯುತ್ತದೆ. ಭೂಮಧ್ಯರೇಖೆಯಲ್ಲಿ ಅದು ತಿರುಗುವುದೇ ಇಲ್ಲ. ಧ್ರುವದಲ್ಲಿ ಒಂದು ದಿನಕ್ಕೆ ಒಂದು ಸುತ್ತು. ಎಂದರೆ, ಲೋಲಕದ ಮುಂದೆ ತಾಳ್ಮೆಯಿಂದ ಕುಳಿತವನು ತಾನು ಭೂಗೋಲದ ಮೇಲೆ ಯಾವ ಅಕ್ಷಾಂಶದಲ್ಲಿದ್ದೇನೆಂಬುದನ್ನು ಕೂಡ ಹೇಳಬಲ್ಲ. ಬೇರೆ ಊರಿಗೆ ಹೋದುದರ ಫಲವೆಂದು ಹೇಳುವುದಾದರೆ ಇದಕ್ಕಿಂತ ಖಚಿತವಾದ ಫಲ ಯಾವುದುಂಟು?

ಕಟ್ಟಡದ ಒಳಗಿನ ಲೋಲಕದಿಂದ ಹೊರಗಿನ ಕಡಲಿಗೆ ಬರೋಣ. ಕೆನಡಾ ದೇಶದ ಪೂರ್ವತೀರದಲ್ಲಿ ಫಂಡಿ ಎಂಬ ಕೊಲ್ಲಿಯಿದೆ. ಲೋಕದಲ್ಲಿಯೇ ಅತ್ಯಂತ ಹೆಚ್ಚಿನ ಉಬ್ಬರವಿಳಿತಗಳಿಗೆ ಅದು ಹೆಸರಾಗಿದೆ. ನಮ್ಮ ಮಂಗಳೂರು, ಕಾರವಾರಗಳ ಕರೆಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ಅಂತರ ಹೆಚ್ಚೆಂದರೆ ಸುಮಾರು ಎರಡು ಮೀಟರ್. ಫಂಡಿ ಕೊಲ್ಲಿಯ ಒಳತುದಿಯಲ್ಲಿ ಅದು ೧೬ ಮೀಟರಿನವರೆಗೆ ಏರುತ್ತದೆ. ಐದು ಮಹಡಿಯ ಮನೆಯ ಎತ್ತರವೆನ್ನಬಹುದು. ಚಂದ್ರ ಸೂರ್ಯರ ಸೆಳೆತ ಎರಡೆಡೆಯಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿರುವಾಗ ಈ ವ್ಯತ್ಯಾಸವೇಕೆ? ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮತ್ತೆ ಮತ್ತೆ ತಳ್ಳಿದರೆ ಅದು ಬಹಳ ಎತ್ತರಕ್ಕೆ ಹೋಗುತ್ತದಷ್ಟೆ. ಕೊಲ್ಲಿಯ ನೀರು ಒಮ್ಮೆ ಒಳನುಗ್ಗಿ ಹೊರಸರಿಯಲು, ಅದರ ಉದ್ದ ಮತ್ತು ಆಳಗಳಿಗೆ ತಕ್ಕಂತೆ, ಸುಮಾರು ೧೩ ಗಂಟೆ ಹಿಡಿಯುತ್ತದೆ. ಸಾಗರದ ಉಬ್ಬರ ಬರುವುದು ೧೨ ಗಂಟೆ ೨೫ ನಿಮಿಷಗಳಿಗೊಮ್ಮೆ. ಈ ಎರಡು ಲಯಗಳೂ ಬಹುಮಟ್ಟಿಗೆ ಹೊಂದುವುದರಿಂದ, ಪ್ರತಿ ಉಬ್ಬರವೂ ಉಯ್ಯಾಲೆಯನ್ನು ತಕ್ಕ ಸಮಯದಲ್ಲಿ ತಳ್ಳಿದಂತಾಗುತ್ತದೆ. ಇದನ್ನೇ ನಾವು ಅನುರಣನವೆಂದು ತರಗತಿಯಲ್ಲಿ ಶ್ರುತಿಕವೆಯನ್ನು ಹಿಡಿದು ಬೋಧಿಸುತ್ತೇವೆ.

ಆ ತೀರದಲ್ಲಿ ಹೋಪ್‌ವೆಲ್ ಬಂಡೆಗಳೆಂಬ ಸ್ಥಳವುಂಟು. ಬುಡ ಸವೆದು, ಮೇಲೆ ಮರಗಳನ್ನು ಹೊತ್ತು, ಹೂಕುಂಡಗಳಂತೆ ನಿಂತಿರುವ ದೊಡ್ಡ ಬಂಡೆಗಳು. ಇಳಿತದ ಹೊತ್ತಿನಲ್ಲಿ ಪ್ರವಾಸಿಗಳು ಮೆಟ್ಟಿಲಿಳಿದು ಕಡಲ ತಳದ ಮೇಲೆಯೇ ಅವುಗಳ ನಡುವೆ ಅಡ್ಡಾಡುತ್ತಾರೆ. ಆರು ಗಂಟೆಗಳ ತರುವಾಯ, ಅವರು ನಡೆದಾಡಿದ ಸ್ಥಳದ ಮೇಲೆ ಸಣ್ಣ ದೋಣಿಗಳು ತೇಲುತ್ತವೆ. ಒಂದೇ ಹೊತ್ತಿನಲ್ಲಿ ಹೋಗಿ ಬಂದವರು ಬಂಡೆಗಳನ್ನು ನೋಡುತ್ತಾರೆ, ಇಲ್ಲವೆ ನೀರನ್ನು ನೋಡುತ್ತಾರೆ. ಎರಡನ್ನೂ ನೋಡಿದವರಿಗೆ ಮಾತ್ರ ಉಬ್ಬರವಿಳಿತವೆಂದರೇನೆಂಬುದು ಗೊತ್ತಾಗುತ್ತದೆ. ಆ ಕೊಲ್ಲಿಯ ಬೆಸ್ತರು ಹೊರಡುವುದೂ ಮರಳುವುದೂ ಕಡಲ ವೇಳಾಪಟ್ಟಿಯಂತೆ. ದಿನದಿನಕ್ಕೆ ಸುಮಾರು ೫೦ ನಿಮಿಷ ತಡವಾಗುವ ಆ ವೇಳಾಪಟ್ಟಿಯನ್ನು ಬದಲಾಯಿಸುವ ಅಧಿಕಾರ ಯಾವ ಪ್ರವಾಸ ಸಂಸ್ಥೆಗೂ ಇಲ್ಲ. ಅಲ್ಲಿಗೆ ಹೋದ ಪ್ರವಾಸಿ ಒಂದು ದಿನದ ಮಟ್ಟಿಗೆ ಆ ಬೆಸ್ತರ ಹೊತ್ತಿನಲ್ಲಿ ಬಾಳಬೇಕಾಗುತ್ತದೆ. ಬೇರೊಂದು ಊರಿನ ಜನಜೀವನವನ್ನು ಅರಿಯುವುದಕ್ಕೆ ಇದೊಂದು ಒಳ್ಳೆಯ ಬಾಗಿಲು.

ಇನ್ನು, ನಾನು ಕಣ್ಣಾರೆ ಕಂಡ ಮತ್ತೊಂದು ಸ್ಥಳದ ವಿಷಯ. ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ೪,೫೦೦ ಮೀಟರ್ ಎತ್ತರದ ಗುಡ್ಡದ ಮೇಲೆ, ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಈ ಸಂಸ್ಥೆಯ ಕೇಂದ್ರಸ್ಥಾನ ನಮ್ಮ ಬೆಂಗಳೂರು. ಹಾನ್ಲೆಯಲ್ಲಿರುವ, ೨ ಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುತ್ತಾರೆ. ಒಣಗಾಳಿ, ನಿರ್ಮಲವಾದ ಆಕಾಶ, ಸುತ್ತಲೂ ನಗರಗಳಿಲ್ಲದ ಕತ್ತಲೆ, ಇವು ಆ ಸ್ಥಳದ ಸಂಪತ್ತು. ಆ ಕತ್ತಲೆಯನ್ನು ಕಾಪಾಡಲೆಂದು ೨೦೨೨ರ ಡಿಸೆಂಬರಿನಲ್ಲಿ ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಪ್ರದೇಶವನ್ನು ಕತ್ತಲಾಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿನ ಹಳ್ಳಿಗಳ ಯುವಕ ಯುವತಿಯರಿಗೆ ತರಬೇತಿಯಿತ್ತು, ಸಣ್ಣ ದೂರದರ್ಶಕಗಳನ್ನು ಕೊಟ್ಟು, ಬಂದವರಿಗೆ ಆಕಾಶವನ್ನು ತೋರಿಸುವ ಕೆಲಸವನ್ನು ಒಪ್ಪಿಸಿದ್ದಾರೆ.

೨೦೨೩ರ ದಸರೆಯ ರಜೆಯಲ್ಲಿ ನಾನೂ ಇಬ್ಬರು ಸಹೋದ್ಯೋಗಿಗಳೂ ಅಲ್ಲಿಗೆ ಹೋದೆವು. ಅಮಾವಾಸ್ಯೆ ಕಳೆದು ಎರಡು ಮೂರು ದಿನಗಳಾಗಿದ್ದವು. ಎಳೆಯ ಚಂದ್ರ ಬೇಗನೆ ಮುಳುಗಿದ. ನಮ್ಮನ್ನು ಬಯಲಿಗೆ ಕರೆದೊಯ್ದ ತರುಣಿ ಮೊದಲು ಮಾಡಿದ ಕೆಲಸವೆಂದರೆ ನಮ್ಮನ್ನು ಸುಮ್ಮನೆ ಕೂಡಿಸಿದುದು. ಅರ್ಧ ಗಂಟೆಯವರೆಗೆ ಯಾವ ದೀಪವನ್ನೂ ನೋಡಕೂಡದೆಂದು ಹೇಳಿದಳು. ಕಾರಣ ನನಗೆ ಗೊತ್ತಿತ್ತು. ಮಂದ ಬೆಳಕನ್ನು ಗ್ರಹಿಸುವ ಕಣ್ಣಿನ ಕೋಶಗಳು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ೨೦ರಿಂದ ೩೦ ನಿಮಿಷಗಳಾದರೂ ಬೇಕು. ಪ್ರಖರವಾದ ಬೆಳಕು ಕ್ಷಣಮಾತ್ರ ಬಿದ್ದರೂ ಆ ಸಿದ್ಧತೆ ಕೆಟ್ಟುಹೋಗುತ್ತದೆ. ಗೊತ್ತಿದ್ದೂ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಿದ್ದುಹೋದ ಕೈಗವಸನ್ನು ಹುಡುಕಲು ನಾನು ಅಭ್ಯಾಸಬಲದಿಂದ ಮೊಬೈಲ್ ಫೋನಿನ ದೀಪವನ್ನು ಹೊತ್ತಿಸಿಬಿಟ್ಟೆ. ಆಕೆ ಏನೂ ಗದರಿಸಲಿಲ್ಲ. ‘ಇನ್ನು ಮೊದಲಿನಿಂದ’ ಎಂದಳು, ಅಷ್ಟೆ. ಪಾಠ ಹೇಳುವವನಿಗೆ ಪಾಠ ಹೇಳಿಸಿಕೊಂಡುದರಿಂದ ಕೆಡುಕಾಗಲಿಲ್ಲ.

ಎರಡನೆಯ ಸಲ ಅರ್ಧ ಗಂಟೆ ಕಳೆದ ಮೇಲೆ ಕಂಡುದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಆಕಾಶಗಂಗೆ ದಿಗಂತದಿಂದ ದಿಗಂತಕ್ಕೆ ಹರಡಿದ್ದಿತು. ಅದರ ನಡುವಣ ಕಪ್ಪು ಸೀಳುಗಳು ಕೂಡ ಬರಿಗಣ್ಣಿಗೆ ಸ್ಪಷ್ಟವಾಗಿದ್ದವು. ಆ ಸೀಳುಗಳು ನಕ್ಷತ್ರಗಳಿಲ್ಲದ ಸ್ಥಳಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ಧೂಳಿನ ಮೋಡಗಳು. ತಲೆಯ ಮೇಲುಗಡೆ ದೇವಯಾನಿ ಗೆಲಾಕ್ಸಿ ಚಿಕ್ಕ ಮೋಡದ ತುಣುಕಿನಂತೆ ತೋರಿತು. ಸುಮಾರು ೨೫ ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು ಅದು. ಆ ತರುಣಿ ನನಗೊಂದು ಮಾತು ಹೇಳಿದಳು: ತಾನು ಚಿಕ್ಕವಳಾಗಿದ್ದಾಗ ಎಲ್ಲ ಊರುಗಳ ಮೇಲೆಯೂ ಇಷ್ಟೇ ನಕ್ಷತ್ರಗಳಿರುತ್ತವೆಂದು ಭಾವಿಸಿದ್ದಳಂತೆ; ಹಾಗಿಲ್ಲವೆಂಬುದು ಹೊರಗಿನಿಂದ ಬಂದವರು ಬಾಯಿ ತೆರೆದು ನಿಂತುದನ್ನು ನೋಡಿದ ಮೇಲೆ ತಿಳಿಯಿತಂತೆ.

ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಒಂದು ಮೋಟಾರು ಗಾಡಿ ಕಾಣಿಸಿತು. ಮುಂದೀಪಗಳನ್ನು ಪೂರ್ಣವಾಗಿ ಹೊತ್ತಿಸಿಕೊಂಡು ನೇರವಾಗಿ ನಮ್ಮ ಬಯಲಿಗೇ ಬಂದು ನಿಂತಿತು. ಐದಾರು ಮಂದಿ ಇಳಿದರು. ದೀಪಗಳನ್ನು ಆರಿಸದೆಯೇ ಆಕಾಶದತ್ತ ನೋಡಿದರು. ಒಬ್ಬರನ್ನೊಬ್ಬರು ಛಾಯಾಚಿತ್ರಗಳಲ್ಲಿ ಹಿಡಿದರು. ಚಳಿಯೆಂದು ಹದಿನೈದು ನಿಮಿಷಗಳಲ್ಲಿ ಹೊರಟುಹೋದರು. ಅವರು ಏನನ್ನೂ ಕಾಣಲಿಲ್ಲವೆಂದು ನಾನು ನಿಸ್ಸಂಶಯವಾಗಿ ಹೇಳಬಲ್ಲೆ. ಕಾಣುವುದು ಅವರ ಕಣ್ಣುಗಳಿಗೆ ಸಾಧ್ಯವೇ ಇರಲಿಲ್ಲ. ನಮಗೂ ಮತ್ತೆ ಅರ್ಧ ಗಂಟೆ ಏನೂ ಕಾಣಲಿಲ್ಲ. ಅವರ ಮೇಲೆ ನನಗೆ ಕೋಪ ಬಂದುದು ನಿಜ. ಆದರೆ ಅವರ ಜೇಬಿನಲ್ಲಿಯೂ ನನ್ನದರಂತಹುದೇ ಒಂದು ಕಾರ್ಯಕ್ರಮ ಪತ್ರವಿದ್ದಿರಬೇಕು. ಅದರಲ್ಲಿ ‘ಹಾನ್ಲೆ, ನಕ್ಷತ್ರದರ್ಶನ, ೧೫ ನಿಮಿಷ’ ಎಂದು ಯಾರೋ ಬರೆದಿರಬೇಕು.

ಅವಸರದ ಪ್ರವಾಸದಿಂದ ಪ್ರವಾಸಿಗೆ ನಷ್ಟವೆಂಬುದನ್ನು ಈವರೆಗೆ ಹೇಳಿದೆ. ಅದಕ್ಕಿಂತ ದೊಡ್ಡ ನಷ್ಟ ಆ ಸ್ಥಳದ್ದು. ಜಯಪುರದ ನೆರಳಿಗೆ, ಪ್ಯಾರಿಸ್ಸಿನ ಲೋಲಕಕ್ಕೆ, ಫಂಡಿಯ ಕಡಲಿಗೆ ನಮ್ಮ ಅವಸರದಿಂದ ಹಾನಿಯಿಲ್ಲ. ಹಾನ್ಲೆಯ ಕತ್ತಲೆ ಹಾಗಲ್ಲ. ಅದನ್ನು ನೋಡಲು ಬಂದವರೇ ಅದನ್ನು ಅಳಿಸಬಲ್ಲರು. ಮನುಷ್ಯಕುಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ತಾವು ವಾಸಿಸುವ ಸ್ಥಳದಿಂದ ಆಕಾಶಗಂಗೆ ಕಾಣುವುದಿಲ್ಲವೆಂದು ೨೦೧೬ರಲ್ಲಿ ಪ್ರಕಟವಾದ ಕೃತಕ ಬೆಳಕಿನ ಭೂಪಟ ತಿಳಿಸಿತು. ಬೆಂಗಳೂರಿನ ಮಕ್ಕಳು ಈ ಗುಂಪಿಗೆ ಸೇರಿದವರು. ಉಳಿದಿರುವ ಕೆಲವೇ ಕತ್ತಲೆಯ ಎಡೆಗಳಿಗೆ ಸಾವಿರಾರು ಗಾಡಿಗಳು ದೀಪ ಹೊತ್ತಿಸಿಕೊಂಡು ಧಾವಿಸಿದರೆ, ಅವರಿಗಾಗಿ ರಾತ್ರಿಯೆಲ್ಲ ಬೆಳಗುವ ಹೋಟೆಲುಗಳೇಳತೊಡಗಿದರೆ, ನಾವು ನೋಡಲು ಹೋದುದೇ ಅಲ್ಲಿರುವುದಿಲ್ಲ. ಒಂದು ಸ್ಥಳದಲ್ಲಿ ನಡೆಯುವುದೇನೆಂಬುದನ್ನು ಅರಿತವನು ಮಾತ್ರ ಅದನ್ನು ಕೆಡಿಸದಿರಲು ತಿಳಿದಿರುತ್ತಾನೆ. ಆ ಅರಿವು ಅಲ್ಲಿನ ಜನರಲ್ಲಿದೆ. ಆದುದರಿಂದ ಅವರ ಮಾತಿಗೆ ಕಿವಿಗೊಡುವುದು ಪ್ರವಾಸದ ಅಲಂಕಾರವಲ್ಲ, ಅದರ ಮೊದಲ ಕರ್ತವ್ಯ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಜನ ದಣಿವಾರಿಸಿಕೊಳ್ಳಲು ಪ್ರವಾಸ ಹೋಗುತ್ತಾರೆಯೇ ಹೊರತು ಭೌತವಿಜ್ಞಾನದ ಪಾಠಕ್ಕಾಗಿ ಅಲ್ಲ ಎಂಬುದು ಮೊದಲನೆಯದು. ಒಪ್ಪಿದೆ. ಆದರೆ ದಣಿವಾರಿಸಿಕೊಳ್ಳಲು ದಿನಕ್ಕೆ ಮೂರು ಸ್ಥಳಗಳನ್ನು ಓಡಿ ನೋಡುವವನಿಗಿಂತ, ಒಂದು ಕಡಲ ತೀರದಲ್ಲಿ ಆರು ಗಂಟೆ ಕುಳಿತವನೇ ಹೆಚ್ಚು ದಣಿವಾರಿಸಿಕೊಂಡಿರುವುದಿಲ್ಲವೆ? ಸಮೀಕರಣಗಳು ಗೊತ್ತಿರಬೇಕೆಂದು ನಾನು ಹೇಳುತ್ತಿಲ್ಲ. ಪೊರಕೆಕಡ್ಡಿ ಹಿಡಿದ ಆ ವೃದ್ಧರು ಯಾವ ಸಮೀಕರಣವನ್ನೂ ಬರೆಯಲಿಲ್ಲ. ಎರಡನೆಯ ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಬಡ ವಿದ್ಯಾರ್ಥಿಗೆ ಜೀವಮಾನದಲ್ಲಿ ಒಮ್ಮೆ ಸಿಕ್ಕುವ ಅವಕಾಶವಿದು. ಆದಷ್ಟು ಹೆಚ್ಚು ಸ್ಥಳಗಳನ್ನು ತೋರಿಸದಿದ್ದರೆ ಅನ್ಯಾಯವಲ್ಲವೆ ಎಂದು ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ನನ್ನನ್ನು ಕೇಳಿದರು. ಅವರು ಸಾಲ ಮಾಡಿ ಮಗನನ್ನು ಕಳುಹಿಸುವವರು. ಅವರಿಗೆ ಒಡನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಯೋಚಿಸಿ ನೋಡಿದರೆ, ಒಮ್ಮೆ ಮಾತ್ರ ಸಿಕ್ಕುವ ಅವಕಾಶವೆಂಬ ಕಾರಣದಿಂದಲೇ ಅದನ್ನು ಚೂರುಚೂರು ಮಾಡಿ ಹಂಚಬಾರದೆಂದು ನನಗೆ ತೋರುತ್ತದೆ. ಮರೆತುಹೋಗುವ ೨೩ ಸ್ಥಳಗಳಿಗಾಗಿ ಯಾರೂ ಸಾಲ ಮಾಡಬೇಕಾಗಿಲ್ಲ.

ದೂರದ ಊರುಗಳೇ ಬೇಕೆಂಬುದೂ ಇಲ್ಲ. ಕರ್ನಾಟಕದ ಪ್ರತಿಯೊಂದು ಊರಿನಲ್ಲಿಯೂ ವರ್ಷಕ್ಕೆ ಎರಡು ದಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಇದು ಏಪ್ರಿಲ್ ೨೪ರ ಸುಮಾರಿಗೂ ಆಗಸ್ಟ್ ೧೮ರ ಸುಮಾರಿಗೂ ನಡೆಯುತ್ತದೆ. ಬೀದರದಲ್ಲಿ ಮೊದಲನೆಯದು ಮೇ ತಿಂಗಳ ಎರಡನೆಯ ವಾರಕ್ಕೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಗಡಿಯಾರ ಆ ಕ್ಷಣದಲ್ಲಿ ೧೨ ಗಂಟೆಯನ್ನು ತೋರಿಸುವುದಿಲ್ಲ, ೧೨ ಗಂಟೆ ೧೮ ನಿಮಿಷವನ್ನು ತೋರಿಸುತ್ತದೆ. ಜಯಪುರದ ನೆಲದ ಮೇಲೆ ನಮ್ಮ ಹುಡುಗರು ಹಾಕಿದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆ. ಪ್ಯಾರಿಸ್ಸಿನವರಿಗೆ ತಮ್ಮ ಊರಿನಲ್ಲಿ ಇದು ಎಂದಿಗೂ ಕಾಣಲಾರದು; ನೋಡಬೇಕಾದರೆ ಎರಡು ಸಂಕ್ರಾಂತಿವೃತ್ತಗಳ ನಡುವಣ ನಮ್ಮಂಥ ನಾಡಿಗೆ ಅವರು ಬರಬೇಕು. ಹಾಗೆ ಯಾರಾದರೂ ಬಂದು ನಮ್ಮ ಅಂಗಳದಲ್ಲಿ ನಿಂತರೆ, ಒಂದು ಕೋಲನ್ನು ನೆಟ್ಟು ತೋರಿಸುವಷ್ಟು ತಿಳಿವಳಿಕೆ ನಮ್ಮಲ್ಲಿರಬೇಕಲ್ಲವೆ?

ಮುಂದಿನ ಡಿಸೆಂಬರಿನ ಕಾರ್ಯಕ್ರಮ ಪತ್ರವನ್ನು ಈಗ ಬರೆಯುತ್ತಿದ್ದೇನೆ. ದಿನಗಳು ಅದೇ ೯, ಸ್ಥಳಗಳು ೭. ತಲಪುವ ವೇಳೆ, ಹೊರಡುವ ವೇಳೆಗಳ ಜೊತೆಗೆ ಮೂರನೆಯದೊಂದು ಅಂಕಣವನ್ನು ಕೂಡಿಸಿ, ಅಲ್ಲಿ ಏನು ನಡೆಯುತ್ತದೆಂಬುದನ್ನು ವಿದ್ಯಾರ್ಥಿಗಳೇ ಮುಂಚಿತವಾಗಿ ಹುಡುಕಿ ಬರೆಯಬೇಕೆಂದು ಗೊತ್ತುಮಾಡಿದ್ದೇನೆ. ಕೆಲವರು ಗೊಣಗಿದ್ದಾರೆ. ಬಸ್ಸಿನ ಮಾಲೀಕರು ಇಷ್ಟು ಕಡಿಮೆ ಸ್ಥಳಗಳೇಕೆಂದು ಎರಡು ಸಲ ಕೇಳಿದ್ದಾರೆ. ಜಯಪುರದ ಜಂತರ್ ಮಂತರ್‌ಗೆ ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆ ಮುಚ್ಚುವವರೆಗೆ ಇಡೀ ಒಂದು ದಿನವನ್ನು ಬಿಟ್ಟಿದ್ದೇನೆ. ಆ ವೃದ್ಧರು ಅಂದು ಅಲ್ಲಿದ್ದರೆ ಒಳ್ಳೆಯದು; ಇಲ್ಲದಿದ್ದರೂ ಕೆಲಸ ನಿಲ್ಲಬಾರದೆಂದು ನಮ್ಮ ಸಾಮಾನುಗಳ ಪಟ್ಟಿಯಲ್ಲಿ ಪೊರಕೆಕಡ್ಡಿಗಳ ಒಂದು ಕಟ್ಟನ್ನು ಈಗಲೇ ಸೇರಿಸಿದ್ದೇನೆ.